ಮಂಡಿನೋವಿನ ಡಬ್ಬಿಗಳು: ನಾಲ್ಕು ಪೂರಕಗಳ ಒಂದು ವರ್ಷದ ಲೆಕ್ಕ

ನಮ್ಮ ಮನೆಯ ತಾರಸಿಗೆ 14 ಮೆಟ್ಟಿಲುಗಳಿವೆ. ನನ್ನ ತಾಯಿಯವರಿಗೆ ಈಗ 69 ವರ್ಷ. ಹಪ್ಪಳ, ಸಂಡಿಗೆ ಒಣಹಾಕಲು ದಿನಕ್ಕೆ ನಾಲ್ಕೈದು ಸಲ ಹತ್ತಿ ಇಳಿಯುತ್ತಿದ್ದ ಅವರು, ಕಳೆದ ವರ್ಷದ ಬೇಸಿಗೆಯಲ್ಲಿ ಏಳನೆಯ ಮೆಟ್ಟಿಲಿನಲ್ಲಿ ಕಂಬಿ ಹಿಡಿದು ನಿಲ್ಲುವಂತಾದರು. ಎಕ್ಸ್‌ರೇ ನೋಡಿದ ಮೂಳೆ ವೈದ್ಯರು ಮಂಡಿ ಸವೆದಿದೆ ಎಂದು ಹೇಳಿ, ಚೀಟಿಯಲ್ಲಿ ನೋವಿನ ಮಾತ್ರೆಯ ಕೆಳಗೆ ಗ್ಲುಕೋಸಮೈನ್ ಎಂದೂ ಬರೆದುಕೊಟ್ಟರು. ಅಲ್ಲಿಂದ ಒಂದು ವರ್ಷದೊಳಗೆ ಕೀಲುನೋವಿಗೆಂದು ಮಾರುವ ನಾಲ್ಕು ಬಗೆಯ ಪೂರಕಗಳು ನಮ್ಮ ಮನೆಗೆ ಬಂದವು. ಒಂದು ವೈದ್ಯರ ಚೀಟಿಯಿಂದ, ಒಂದು ಅಮೆರಿಕದಲ್ಲಿರುವ ನನ್ನ ತಂಗಿಯ ಸೂಟ್‌ಕೇಸಿನಲ್ಲಿ, ಒಂದು ಮೆಡಿಕಲ್ ಶಾಪಿನವರ ಒತ್ತಾಯದಿಂದ, ಕೊನೆಯದು ನಾನೇ ಓದಿ ಆರಿಸಿದ್ದರಿಂದ. ಅವುಗಳ ವಿಮರ್ಶೆ ಇದು.

ವಿಧಾನವನ್ನು ಮೊದಲು ಹೇಳಬೇಕು. ಒಂದು ಬಾರಿಗೆ ಒಂದೇ ಪೂರಕ, ಎರಡು ತಿಂಗಳು ಸೇವನೆ, ಅನಂತರ ಒಂದು ತಿಂಗಳು ಸಂಪೂರ್ಣ ನಿಲುಗಡೆ ಎಂದು ನಾವು ನಿಯಮ ಮಾಡಿಕೊಂಡೆವು. ಸಂಜೆ ಮೆಟ್ಟಿಲು ಹತ್ತಿ ಬಂದ ಮೇಲೆ ತಾಯಿಯವರು ತಮ್ಮ ನೋವಿಗೆ ಹತ್ತರಲ್ಲಿ ಎಷ್ಟು ಎಂದು ಅಂಕ ಹಾಕಿ, ಆ ದಿನ ಪ್ಯಾರಾಸಿಟಮಾಲ್ ನುಂಗಿದ್ದರೆ ಅದನ್ನೂ ಪುಸ್ತಕದಲ್ಲಿ ಬರೆಯುತ್ತಿದ್ದರು. ಪ್ರಾಥಮಿಕ ಶಾಲೆಯಲ್ಲಿ ಮೂರು ದಶಕ ಪಾಠ ಹೇಳಿದವರಾದ್ದರಿಂದ ಅಂಕ ಕೊಡುವುದರಲ್ಲಿ ಅವರಿಗೆ ಪಕ್ಷಪಾತವಿಲ್ಲ. ಸೇವಿಸುವ ಎರಡು ತಿಂಗಳಿಗಿಂತ ನಿಲ್ಲಿಸಿದ ಒಂದು ತಿಂಗಳೇ ನಮಗೆ ಹೆಚ್ಚು ಕಲಿಸಿತು. ಸವೆತದ ನೋವು ಅಲೆಯಂತೆ ಏರಿ ಇಳಿಯುವಂಥದ್ದು. ಅದು ತುತ್ತತುದಿಗೆ ಏರಿದಾಗಲೇ ನಾವು ಅಂಗಡಿಗೆ ಓಡುತ್ತೇವೆ, ಅದು ತಾನಾಗಿ ಇಳಿಯುವ ಹೊತ್ತಿಗೆ ಡಬ್ಬಿ ಅರ್ಧ ಖಾಲಿಯಾಗಿರುತ್ತದೆ, ಕೀರ್ತಿಯೆಲ್ಲ ಡಬ್ಬಿಗೆ ಸಲ್ಲುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ನೋವು ಹೆಚ್ಚದಿದ್ದರೆ ಆ ಕೀರ್ತಿ ಯಾರದೆಂದು ಕೇಳಿಕೊಳ್ಳಲೇಬೇಕಾಗುತ್ತದೆ.

ಇನ್ನೊಂದು ಮಿತಿಯನ್ನೂ ಹೇಳಿಬಿಡುತ್ತೇನೆ. ಇಲ್ಲಿ ಬರೆದಿರುವುದೆಲ್ಲ ವಯಸ್ಸಾದಂತೆ ಕೀಲಿನ ಮೃದ್ವಸ್ಥಿ, ಅಂದರೆ ಮೂಳೆಗಳ ತುದಿಯ ಮೆತ್ತೆ, ಸವೆದು ಬರುವ ಆಸ್ಟಿಯೋಆರ್ತ್ರೈಟಿಸ್‌ಗೆ ಮಾತ್ರ ಅನ್ವಯಿಸುತ್ತದೆ. ಬೆಳಗ್ಗೆ ಎದ್ದಾಗ ಗಂಟೆಗಟ್ಟಲೆ ಬೆರಳುಗಳು ಮಡಚಲಾಗದಂತೆ ಬಿಗಿದು ಊದಿಕೊಳ್ಳುವ ರುಮಟಾಯ್ಡ್ ಸಂಧಿವಾತ, ಯೂರಿಕ್ ಆಮ್ಲದ ಗೌಟ್, ಚಿಕುನ್‌ಗುನ್ಯಾ ಬಂದುಹೋದ ಮೇಲೆ ತಿಂಗಳುಗಟ್ಟಲೆ ಉಳಿಯುವ ಕೀಲುನೋವು, ಕುಡಿಯುವ ನೀರಿನ ಫ್ಲೋರೈಡ್‌ನಿಂದ ಬರುವ ಕೀಲುಗಳ ಬಿಗಿತ, ಇವೆಲ್ಲ ಬೇರೆಬೇರೆ ಕಾಯಿಲೆಗಳು. 2006ರಲ್ಲಿ ಚಿಕುನ್‌ಗುನ್ಯಾ ಕರ್ನಾಟಕದ ಊರೂರನ್ನೇ ಮಲಗಿಸಿದ್ದನ್ನು ಕಂಡವರಿಗೆ ಕೀಲುನೋವೆಲ್ಲ ಒಂದೇ ಅಲ್ಲವೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಪೂರಕಗಳ ಡಬ್ಬಿಯ ಮೇಲೆ ‘ಕೀಲುಗಳ ಆರೋಗ್ಯಕ್ಕೆ’ ಎಂಬ ಒಂದೇ ಸಾಲು ಇವೆಲ್ಲವನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ.

ಮೊದಲು ಬಂದದ್ದು ಗ್ಲುಕೋಸಮೈನ್ ಮತ್ತು ಕಾಂಡ್ರಾಯ್ಟಿನ್ ಜೋಡಿ. ಎರಡೂ ಮೃದ್ವಸ್ಥಿಯಲ್ಲಿ ಸಹಜವಾಗಿ ಇರುವ ವಸ್ತುಗಳು. ಸವೆದ ಗೋಡೆಗೆ ಅದೇ ಇಟ್ಟಿಗೆ ತಂದುಕೊಟ್ಟರೆ ಗೋಡೆ ಎದ್ದೀತು ಎಂಬುದು ಇದರ ಹಿಂದಿನ ತರ್ಕ. ಕೇಳಲು ಸೊಗಸಾಗಿದೆ, ಆದರೆ ಮೃದ್ವಸ್ಥಿಗೆ ರಕ್ತನಾಳಗಳೇ ಇಲ್ಲ, ನುಂಗಿದ ಗ್ಲುಕೋಸಮೈನ್‌ನ ಬಹುಪಾಲು ಜೀರ್ಣಾಂಗ ಮತ್ತು ಯಕೃತ್ತನ್ನು ದಾಟುವಷ್ಟರಲ್ಲೇ ಕರಗಿಹೋಗುತ್ತದೆ, ಇಟ್ಟಿಗೆ ಗೋಡೆಯವರೆಗೆ ತಲುಪುವುದೇ ಕಷ್ಟ. ತರ್ಕ ಹಾಗಿರಲಿ, ಪ್ರಯೋಗಗಳು ಏನು ಹೇಳುತ್ತವೆ ಎಂದು ನೋಡಿದೆ. 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ 212 ರೋಗಿಗಳಿಗೆ ಮೂರು ವರ್ಷ ದಿನಕ್ಕೆ 1500 ಮಿಲಿಗ್ರಾಂ ಗ್ಲುಕೋಸಮೈನ್ ಸಲ್ಫೇಟ್ ಅಥವಾ ಮದ್ದೇನೂ ಇಲ್ಲದ ಹುಸಿಮಾತ್ರೆ ಕೊಟ್ಟಾಗ, ಗ್ಲುಕೋಸಮೈನ್ ಪಡೆದವರ ಮಂಡಿಯ ಸಂದಿನ ಅಂತರ ಕಿರಿದಾಗುವುದು ನಿಂತಂತೆ ಕಂಡಿತು. ಈ ಮಾತ್ರೆಯ ಹೆಸರು ಲೋಕದ ತುಂಬ ಹಬ್ಬಲು ಆ ಫಲಿತಾಂಶ ಬಹುಮಟ್ಟಿಗೆ ಕಾರಣ.

ಐದು ವರ್ಷಗಳ ಬಳಿಕ ಅಮೆರಿಕದ ಸರ್ಕಾರಿ ಹಣದಿಂದ ನಡೆದ, ‘ಗೇಟ್’ ಎಂಬ ಹೆಸರಿನ ದೊಡ್ಡ ಪ್ರಯೋಗದ ವರದಿ ಹೊರಬಂತು. 1583 ರೋಗಿಗಳನ್ನು ಐದು ಗುಂಪುಗಳನ್ನಾಗಿ ಮಾಡಿ, 24 ವಾರಗಳ ಕಾಲ ಗ್ಲುಕೋಸಮೈನ್, ಕಾಂಡ್ರಾಯ್ಟಿನ್, ಎರಡೂ ಕೂಡಿದ್ದು, ಸೆಲೆಕಾಕ್ಸಿಬ್ ಎಂಬ ನೋವುನಿವಾರಕ ಮತ್ತು ಹುಸಿಮಾತ್ರೆ ಕೊಟ್ಟು, ಮಂಡಿನೋವು ಶೇ. 20ರಷ್ಟು ಇಳಿದವರು ಎಷ್ಟು ಮಂದಿ ಎಂದು ಎಣಿಸಿದರು. ಜೋಡಿ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 66.6, ಸೆಲೆಕಾಕ್ಸಿಬ್‌ನವರಲ್ಲಿ ಶೇ. 70.1. ಬರೀ ಹುಸಿಮಾತ್ರೆ ನುಂಗಿದವರಲ್ಲಿ ಶೇ. 60.1! ಈ ಕೊನೆಯ ಅಂಕಿಯನ್ನು ನಾನು ಎರಡು ಸಲ ಓದಿದೆ. ಏನೂ ಇಲ್ಲದ ಮಾತ್ರೆಯಿಂದಲೇ ಹತ್ತರಲ್ಲಿ ಆರು ಜನ ಸುಧಾರಿಸುವುದಾದರೆ, ‘ನಮ್ಮ ಅತ್ತೆಗೆ ಇದರಿಂದಲೇ ಗುಣವಾಯಿತು’ ಎಂದು ಪ್ರಾಮಾಣಿಕವಾಗಿ ಹೇಳುವವರು ಪ್ರತಿ ಬೀದಿಯಲ್ಲೂ ಸಿಗಲೇಬೇಕು. ಅದೇ ಪ್ರಯೋಗದಲ್ಲಿ ನೋವು ತೀವ್ರವಾಗಿದ್ದ ಸಣ್ಣ ಗುಂಪೊಂದಕ್ಕೆ ಜೋಡಿ ಮಾತ್ರೆ ಚೆನ್ನಾಗಿ ಹಿಡಿಸಿತ್ತು. ಮಾರುವವರು ಇಂದಿಗೂ ಎತ್ತಿ ತೋರಿಸುವುದು ಆ ಸಾಲನ್ನೇ. ಆದರೆ 2010ರಲ್ಲಿ ‘ಬಿಎಂಜೆ’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 10 ಪ್ರಯೋಗಗಳ 3803 ರೋಗಿಗಳ ಲೆಕ್ಕವನ್ನು ಒಟ್ಟು ಸೇರಿಸಿ ನೋಡಿದಾಗ, ರೋಗಿಗೆ ಅನುಭವಕ್ಕೆ ಬರುವಷ್ಟು ಲಾಭ ಕಾಣಲಿಲ್ಲ. ಅಮೆರಿಕದ ಸಂಧಿವಾತ ತಜ್ಞರ ಕಾಲೇಜು ತನ್ನ 2019ರ ಮಾರ್ಗಸೂಚಿಯಲ್ಲಿ ಮಂಡಿ ಸವೆತಕ್ಕೆ ಇವೆರಡನ್ನೂ ಬೇಡವೆಂದು ಬಲವಾಗಿ ಹೇಳಿತು. ಚಿಕಿತ್ಸೆಗಳಿಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ‘ನೈಸ್’ ಸಂಸ್ಥೆಯೂ 2022ರಲ್ಲಿ ಗ್ಲುಕೋಸಮೈನ್ ಕೊಡಬೇಡಿ ಎಂದಿತು. ಯುರೋಪಿನ ಒಂದು ತಜ್ಞರ ಗುಂಪು ಮಾತ್ರ, ಔಷಧದ ದರ್ಜೆಯಲ್ಲಿ ತಯಾರಿಸಿದ ಸ್ಫಟಿಕರೂಪದ ಗ್ಲುಕೋಸಮೈನ್ ಸಲ್ಫೇಟಿನ ಪರವಾಗಿ ಈಗಲೂ ನಿಂತಿದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಹತ್ತಾರು ಮಿಶ್ರಣಗಳಿಗೆ ಆ ಬೆಂಬಲವನ್ನು ಎಳೆದು ತರುವುದು ಸರಿಯಲ್ಲ.

ಇಲ್ಲಿ ತೂಕದ ಒಂದು ಸೂಕ್ಷ್ಮವಿದೆ. ಗ್ಲುಕೋಸಮೈನ್ ಸಲ್ಫೇಟ್ ಒಂಟಿಯಾಗಿ ಗಾಳಿಯ ತೇವಕ್ಕೆ ಕೆಡುವುದರಿಂದ ಅದನ್ನು ಪೊಟ್ಯಾಸಿಯಂ ಕ್ಲೋರೈಡ್ ಅಥವಾ ಅಡುಗೆ ಉಪ್ಪಿನೊಂದಿಗೆ ಸೇರಿಸಿ ಸ್ಥಿರಗೊಳಿಸುತ್ತಾರೆ. ಡಬ್ಬಿಯ ಮೇಲೆ ‘ಗ್ಲುಕೋಸಮೈನ್ ಸಲ್ಫೇಟ್ ಪೊಟ್ಯಾಸಿಯಂ ಕ್ಲೋರೈಡ್ 1500 ಮಿಲಿಗ್ರಾಂ’ ಎಂದಿದ್ದರೆ ಅದರಲ್ಲಿ ಸುಮಾರು ಕಾಲು ಭಾಗ ಆ ಲವಣದ ತೂಕ. ಉಳಿದದ್ದು 1130 ಮಿಲಿಗ್ರಾಂ ಆಸುಪಾಸು. ಅಂದರೆ ಪ್ರಯೋಗಗಳಲ್ಲಿ ಬಳಸಿದ ಪ್ರಮಾಣಕ್ಕೂ ನಾವು ಹಣ ಕೊಟ್ಟು ತಂದದ್ದಕ್ಕೂ ತಾಳೆಯಾಗದೇ ಹೋಗಬಹುದು. ಅಕ್ಕಿಯಲ್ಲಿ ಕಲ್ಲು ಬೆರೆಸಿದಂಥ ಮೋಸ ಇದೆಂದು ನಾನು ಹೇಳುತ್ತಿಲ್ಲ, ರಸಾಯನಶಾಸ್ತ್ರದ ಅಗತ್ಯ ಅದು. ಆದರೆ ಮುಂಭಾಗದ ದಪ್ಪಕ್ಷರದಲ್ಲಿ ಯಾವ ತೂಕವನ್ನು ಹೇಳಿದ್ದಾರೆಂದು ಕೊಳ್ಳುವವರು ನೋಡಬೇಕು. ರಕ್ತದೊತ್ತಡಕ್ಕೆಂದು ಉಪ್ಪು ಬಿಟ್ಟವರು, ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಮಿತಿಯಲ್ಲಿಟ್ಟವರು ಇನ್ನೂ ಹೆಚ್ಚು ಗಮನವಿಟ್ಟು ಓದಬೇಕು.

ನಮ್ಮ ಮನೆಯಲ್ಲಿ ಮಾತ್ರ ಗದ್ದಲವಾದದ್ದು ಬೇರೆ ಕಾರಣಕ್ಕೆ. ಮೂರನೆಯ ವಾರದಲ್ಲಿ ಡಬ್ಬಿಯನ್ನು ತಿರುಗಿಸಿ ನೋಡಿದಾಗ, ಅಲರ್ಜಿಯ ಸೂಚನೆಯ ಸಣ್ಣಕ್ಷರದಲ್ಲಿ ಸಿಗಡಿ, ಏಡಿ ಜಾತಿಯ ಜೀವಿಗಳ ಹೆಸರು ಕಂಡಿತು. ಗ್ಲುಕೋಸಮೈನ್‌ನ ಹೆಚ್ಚಿನ ಪಾಲು ಸಿಗಡಿ, ಏಡಿಗಳ ಚಿಪ್ಪಿನಿಂದ ಬರುತ್ತದೆ. ಕಾಂಡ್ರಾಯ್ಟಿನ್ ದನ, ಹಂದಿ, ಕೋಳಿ ಅಥವಾ ಶಾರ್ಕ್ ಮೀನಿನ ಮೃದ್ವಸ್ಥಿಯಿಂದ. “ಹಾಗಾದರೆ ಇಪ್ಪತ್ತು ದಿನದಿಂದ ಊಟ ಆದಮೇಲೆ ನಾನು ನುಂಗಿದ್ದು ಸಿಗಡಿ ಚಿಪ್ಪೇನೋ?” ಎಂದು ತಾಯಿಯವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಸಸ್ಯಾಹಾರಕ್ಕೆ ಚೌಕದೊಳಗಿನ ಹಸಿರು ವೃತ್ತ, ಮಾಂಸಾಹಾರಕ್ಕೆ ಚೌಕದೊಳಗಿನ ಕಂದು ತ್ರಿಕೋನ ಎಂಬ ಗುರುತನ್ನು ಬಿಸ್ಕತ್ತಿನ ಪೊಟ್ಟಣದಲ್ಲಿ ಹುಡುಕುವ ನಾವು, ಮಾತ್ರೆಯ ಡಬ್ಬಿಯಲ್ಲಿ ಹುಡುಕುವುದಿಲ್ಲ. ಅದು ಮದ್ದು ಎಂದೇ ಭಾವಿಸುವುದರಿಂದ ಪ್ರಶ್ನೆಯೇ ಹುಟ್ಟುವುದಿಲ್ಲ. ಜೋಳದಿಂದ ಹುದುಗಿಸಿ ತಯಾರಿಸಿದ ಸಸ್ಯಮೂಲದ ಗ್ಲುಕೋಸಮೈನ್ ಕೂಡ ಮಾರುಕಟ್ಟೆಯಲ್ಲಿದೆ. ಉಳಿದ ಅವಧಿಗೆ ನಾವು ಅದನ್ನೇ ತಂದೆವು.

ಅಂಕದ ಪುಸ್ತಕದಲ್ಲಿ ಆರಂಭದ ಅಂಕ ಆರು, ಎರಡು ತಿಂಗಳ ಕೊನೆಗೆ ಐದು. ನಿಲ್ಲಿಸಿ ಒಂದು ತಿಂಗಳಾದ ಮೇಲೂ ಐದೇ. ಬೇಸಿಗೆ ಮುಗಿದು ಹಪ್ಪಳದ ಕೆಲಸ ನಿಂತದ್ದರ ಪಾಲು ಆ ಒಂದು ಅಂಕದಲ್ಲಿ ಎಷ್ಟಿತ್ತೆಂದು ಹೇಳಲಾರೆ. ಮಾತ್ರೆಯ ಪಾಲು ಇತ್ತೆನ್ನಲು ಮಾತ್ರ ನನಗೆ ಆಧಾರ ಸಿಗಲಿಲ್ಲ.

ತಂಗಿ ತಂದದ್ದು ಕೊಲಾಜನ್. ಈ ಹೆಸರಿನಲ್ಲಿ ಎರಡು ಬೇರೆಬೇರೆ ವಸ್ತುಗಳು ಮಾರಾಟವಾಗುತ್ತವೆ. ಒಂದು, ದಿನಕ್ಕೆ ಹತ್ತು ಗ್ರಾಂ ಆಸುಪಾಸಿನಲ್ಲಿ ನೀರಿಗೆ ಬೆರೆಸಿ ಕುಡಿಯುವ ಕೊಲಾಜನ್ ಪೆಪ್ಟೈಡ್ ಪುಡಿ. ದನದ ಚರ್ಮ ಅಥವಾ ಮೀನಿನ ಸಿಪ್ಪೆಯನ್ನು ಒಡೆದು ಮಾಡಿದ ಪ್ರೋಟೀನು ಇದು. ಇನ್ನೊಂದು, ಕೋಳಿಯ ಎದೆಮೂಳೆಯ ಮೃದ್ವಸ್ಥಿಯಿಂದ ತೆಗೆದು ದಿನಕ್ಕೆ ಕೇವಲ 40 ಮಿಲಿಗ್ರಾಂ ಕೊಡುವ, ಒಡೆಯದ ಎರಡನೆಯ ಬಗೆಯ ಕೊಲಾಜನ್. ಎರಡನೆಯದು ಕೀಲಿಗೆ ಇಟ್ಟಿಗೆ ಒದಗಿಸುತ್ತೇನೆಂದು ಹೇಳುವುದಿಲ್ಲ, ಕರುಳಿನ ರೋಗನಿರೋಧಕ ಕಣಗಳಿಗೆ ಮೃದ್ವಸ್ಥಿಯ ಮೇಲಿನ ಸಿಟ್ಟನ್ನು ಇಳಿಸಲು ಕಲಿಸುತ್ತೇನೆ ಎನ್ನುತ್ತದೆ. ಇದರ ಪರವಾಗಿ ಹೆಚ್ಚಾಗಿ ಉಲ್ಲೇಖವಾಗುವ 2016ರ ಪ್ರಯೋಗ ನಮ್ಮ ದೇಶದಲ್ಲೇ 191 ಮಂದಿಯ ಮೇಲೆ 180 ದಿನ ನಡೆದದ್ದು. ಗ್ಲುಕೋಸಮೈನ್ ಜೋಡಿಗಿಂತಲೂ ಹುಸಿಮಾತ್ರೆಗಿಂತಲೂ ಇದು ಮೇಲೆಂದು ಅದು ತೋರಿಸಿತು. ಹಣ ಹಾಕಿದ್ದು ಆ ಕೊಲಾಜನ್ನಿನ ತಯಾರಕರೇ. ತಯಾರಕರ ಹಣದಿಂದ ನಡೆದದ್ದೆಲ್ಲ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ವರನ ಗುಣವನ್ನು ವರನ ಕಡೆಯವರಿಂದಷ್ಟೇ ಕೇಳಿ ಹೆಣ್ಣು ಕೊಡುವವರು ಯಾರಿದ್ದಾರೆ? ತಾಯಿಯವರು ಕೋಳಿಯ ವಿಷಯ ಕೇಳಿದೊಡನೆ ಡಬ್ಬಿಯನ್ನು ದೂರ ಸರಿಸಿದ್ದರಿಂದ ನಾನೇ ಎರಡು ತಿಂಗಳು ನುಂಗಿದೆ. ನನ್ನ ಎಡಮಂಡಿ ಮೊದಲು ಹೇಗಿತ್ತೋ ಹಾಗೇ ಇದೆ. ಅವರ ಅಂಕ ಐದರಲ್ಲೇ ಇತ್ತು, ಅವರೇನೂ ತೆಗೆದುಕೊಳ್ಳದೆ.

ಮೂರನೆಯದು ಅರಿಶಿನದ ಸಾರ. ಇದರ ಬಗ್ಗೆ ನನಗೆ ಮೊದಲೇ ಪ್ರೀತಿ ಇದ್ದುದರಿಂದ ಹೆಚ್ಚು ಅನುಮಾನದಿಂದ ಓದಿದೆ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಎಂಬ ಮುಖ್ಯ ಸತ್ವ ಇರುವುದು ಸುಮಾರು ಶೇ. 3. ಒಂದು ಟೀ ಚಮಚ, ಅಂದರೆ ಸುಮಾರು ಮೂರು ಗ್ರಾಂ ಪುಡಿಯಲ್ಲಿ 90 ಮಿಲಿಗ್ರಾಂ ಸಿಕ್ಕರೆ ಹೆಚ್ಚು, ಶೇ. 95ರ ಸಾರದ 500 ಮಿಲಿಗ್ರಾಂ ಕ್ಯಾಪ್ಸೂಲಿನಲ್ಲಿ 475 ಮಿಲಿಗ್ರಾಂ ಇರುತ್ತದೆ. ಆದ್ದರಿಂದ ‘ನಾವು ದಿನಾ ಸಾರಿಗೆ ಅರಿಶಿನ ಹಾಕುತ್ತೇವಲ್ಲ’ ಎಂಬ ಮಾತು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ತೊಂದರೆಯೆಂದರೆ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದೇ ಬಲು ಕಡಿಮೆ. ಈ ಸಮಸ್ಯೆಗೆ ಲೋಕದ ಕಂಪನಿಗಳೆಲ್ಲ ಇಂದು ಹೇಳುವ ಉತ್ತರ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ: 1998ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದವರ ಅಧ್ಯಯನದಲ್ಲಿ, ಎರಡು ಗ್ರಾಂ ಕರ್ಕ್ಯುಮಿನ್ ಜೊತೆಗೆ ಕಾಳುಮೆಣಸಿನ ಪೈಪರೀನ್ 20 ಮಿಲಿಗ್ರಾಂ ಕೊಟ್ಟಾಗ ಮನುಷ್ಯರಲ್ಲಿ ಅದು ರಕ್ತಕ್ಕೆ ಸೇರುವ ಪ್ರಮಾಣ ಶೇ. 2000ರಷ್ಟು ಏರಿತು. ಡಬ್ಬಿಗಳ ಮೇಲೆ ಕಾಣುವ ಆ ‘2000%’ ಅಲ್ಲಿಂದ ಬಂದದ್ದು. ಪೈಪರೀನ್ ಇಲ್ಲದಿದ್ದಾಗ ರಕ್ತದಲ್ಲಿ ಕಂಡದ್ದು ಅಳತೆಗೆ ಸಿಗದಷ್ಟು ಅಥವಾ ತೀರಾ ಕಡಿಮೆ ಎಂಬುದನ್ನು ಡಬ್ಬಿ ಹೇಳುವುದಿಲ್ಲ. ಹನಿಯನ್ನು ಇಪ್ಪತ್ತು ಪಟ್ಟು ಮಾಡಿದರೂ ಕೊಡ ತುಂಬುವುದಿಲ್ಲ.

ನೋವಿನ ಮೇಲಿನ ಪರಿಣಾಮದಲ್ಲಿ ಮಾತ್ರ ಅರಿಶಿನದ ದಾಖಲೆ ಗ್ಲುಕೋಸಮೈನ್‌ಗಿಂತ ಮೇಲು. ಥಾಯ್ಲೆಂಡಿನಲ್ಲಿ 367 ಮಂಡಿನೋವಿನ ರೋಗಿಗಳಿಗೆ ನಾಲ್ಕು ವಾರ ದಿನಕ್ಕೆ 1500 ಮಿಲಿಗ್ರಾಂ ಅರಿಶಿನದ ಸಾರ ಅಥವಾ 1200 ಮಿಲಿಗ್ರಾಂ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ ಕೊಟ್ಟು 2014ರಲ್ಲಿ ಪ್ರಕಟಿಸಿದ ವರದಿ, ಎರಡೂ ಹೆಚ್ಚುಕಡಿಮೆ ಸಮವೆಂದೂ ಅರಿಶಿನದವರಿಗೆ ಹೊಟ್ಟೆಯ ತೊಂದರೆ ಕಡಿಮೆಯೆಂದೂ ಹೇಳಿತು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ 70 ಮಂದಿಯ ಮೇಲೆ 12 ವಾರ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನೂರರ ಅಳತೆಗೋಲಿನಲ್ಲಿ ಹುಸಿಮಾತ್ರೆಗಿಂತ ಒಂಬತ್ತು ಅಂಕ ಹೆಚ್ಚು ನೋವು ಇಳಿಯಿತು. ಆದರೆ ಸ್ಕ್ಯಾನಿನಲ್ಲಿ ಮಂಡಿಯೊಳಗಿನ ಊತ, ನೀರು ಯಾವುದೂ ಬದಲಾಗಲಿಲ್ಲ. ಅದರಲ್ಲಿ ಬಳಸಿದ ಸಾರ ಬೆಂಗಳೂರಿನ ಕಂಪನಿಯದೇ, ಹಣದಲ್ಲೂ ಆ ಕಂಪನಿಯ ಪಾಲಿತ್ತು ಎಂಬುದನ್ನು ಊರಿನ ಅಭಿಮಾನ ಬದಿಗಿಟ್ಟು ಹೇಳಲೇಬೇಕು. ನೋವು ಸ್ವಲ್ಪ ತಗ್ಗಬಹುದು, ಸವೆತ ನಿಲ್ಲುತ್ತದೆಂದು ಯಾರೂ ತೋರಿಸಿಲ್ಲ ಎಂದು ಇದರಿಂದ ಅರ್ಥವಾಗುತ್ತದೆ.

ಅಡುಗೆಮನೆಯ ವಸ್ತುವಾದ್ದರಿಂದ ಅಪಾಯವೇ ಇಲ್ಲವೆಂಬ ಮಾತನ್ನು ನಾನು ಒಪ್ಪಲಾರೆ. ಅಮೆರಿಕದಲ್ಲಿ ಔಷಧಗಳಿಂದಾಗುವ ಯಕೃತ್ತಿನ ಹಾನಿಯನ್ನು ದಾಖಲಿಸುವ ಜಾಲವು ಅರಿಶಿನದ ಪೂರಕಗಳಿಂದ ಯಕೃತ್ತು ಕೆಟ್ಟ ಹತ್ತು ಪ್ರಕರಣಗಳನ್ನು ವರದಿ ಮಾಡಿದೆ. ಅವರಲ್ಲಿ ಐವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಲಕ್ಷಾಂತರ ಜನ ಸೇವಿಸುವ ವಸ್ತುವಿಗೆ ಈ ಸಂಖ್ಯೆ ಚಿಕ್ಕದು, ಆದರೂ ಕಣ್ಣು, ಮೂತ್ರ ಹಳದಿಯಾದರೆ ಅರಿಶಿನದ ಬಣ್ಣ ಎಂದು ನಗಬಾರದು. ಪೈಪರೀನ್ ಕರ್ಕ್ಯುಮಿನ್ ಒಂದನ್ನೇ ಉಳಿಸಿ ಸುಮ್ಮನಿರುವುದಿಲ್ಲ. ಯಕೃತ್ತು ಔಷಧಗಳನ್ನು ಕರಗಿಸುವ ದಾರಿಗೇ ಅಡ್ಡ ನಿಲ್ಲುವುದರಿಂದ ಮೂರ್ಛೆರೋಗದ ಫೆನಿಟಾಯಿನ್, ರಕ್ತದೊತ್ತಡದ ಪ್ರೊಪ್ರನಲಾಲ್ ಮುಂತಾದ ಮಾತ್ರೆಗಳ ಮಟ್ಟವನ್ನೂ ಏರಿಸಬಲ್ಲದು. ನಾವು ಬಿಟ್ಟ ಗ್ಲುಕೋಸಮೈನ್ ಮತ್ತು ಅರಿಶಿನದ ಡಬ್ಬಿಗಳನ್ನು ನನ್ನ ಸೋದರಮಾವ ಕೇಳಿದರು. ಅವರು ಹೃದಯದ ಕವಾಟ ಬದಲಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರು. ಗ್ಲುಕೋಸಮೈನ್ ವಾರ್ಫರಿನ್‌ನೊಂದಿಗೆ ಸೇರಿದಾಗ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆಯಾದ ಐಎನ್‌ಆರ್ ಏರಿ ರಕ್ತಸ್ರಾವದ ಭಯ ಹೆಚ್ಚಿದ ಉದಾಹರಣೆಗಳು ದಾಖಲಾಗಿವೆ, ಅರಿಶಿನದ ಸಾರದ ಮೇಲೂ ಅದೇ ಎಚ್ಚರಿಕೆ ಇದೆ. ಕೊಡಲಿಲ್ಲ. ಮಾವ ಎರಡು ವಾರ ನನ್ನೊಂದಿಗೆ ಮುಖ ಕೊಟ್ಟು ಮಾತಾಡಲಿಲ್ಲ.

ಅರಿಶಿನದ ಎರಡು ತಿಂಗಳಲ್ಲಿ ಅಂಕ ಐದರಿಂದ ನಾಲ್ಕಕ್ಕೆ ಬಂತು, ಆದರೆ ಮೊದಲ ವಾರದಿಂದಲೇ ಎದೆಯುರಿ ಶುರುವಾಯಿತು. ಅದೇ ಅವಧಿಯಲ್ಲಿ ಫಿಸಿಯೋಥೆರಪಿಯವರು ಹೇಳಿಕೊಟ್ಟ ತೊಡೆಯ ವ್ಯಾಯಾಮವನ್ನೂ ತಾಯಿಯವರು ಆರಂಭಿಸಿದ್ದರಿಂದ ನಮ್ಮ ಲೆಕ್ಕ ಇಲ್ಲಿ ಕಲಸಿಹೋಗಿದೆ. ಮಾತ್ರೆ ನಿಲ್ಲಿಸಿದ ತಿಂಗಳಲ್ಲೂ ಅಂಕ ನಾಲ್ಕರಲ್ಲೇ ನಿಂತಿತು. ವ್ಯಾಯಾಮವನ್ನು ಅವರು ನಿಲ್ಲಿಸಿರಲಿಲ್ಲ.

ನಾಲ್ಕನೆಯದು ಶಲ್ಲಕಿ, ಇಂಗ್ಲಿಷ್ ಡಬ್ಬಿಗಳಲ್ಲಿ ಬಾಸ್ವೆಲಿಯಾ ಎಂದಿರುವುದು ಇದೇ. ಒಣಕಾಡಿನಲ್ಲಿ ಬೆಳೆಯುವ ಮರವೊಂದರ ಅಂಟು ಇದು, ಧೂಪಕ್ಕೂ ಬಳಕೆಯಾಗುತ್ತದೆ. ಇದರಲ್ಲಿರುವ ಬಾಸ್ವೆಲಿಕ್ ಆಮ್ಲಗಳು, ಅದರಲ್ಲೂ ‘ಎಕೆಬಿಎ’ ಎಂಬುದು, ಊತ ಹುಟ್ಟಿಸುವ ಕಿಣ್ವವೊಂದನ್ನು ತಡೆಯುತ್ತದೆ. ಸಾಮಾನ್ಯ ನೋವಿನ ಮಾತ್ರೆಗಳು ತಡೆಯುವ ಕಿಣ್ವವೇ ಬೇರೆ. ನಾಗಪುರದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಚಿಕ್ಕ ಅಧ್ಯಯನವೊಂದರ ವಿನ್ಯಾಸ ನನಗೆ ಬಹಳ ಹಿಡಿಸಿತು. 30 ರೋಗಿಗಳಲ್ಲಿ ಅರ್ಧದವರಿಗೆ ಎಂಟು ವಾರ ಶಲ್ಲಕಿ, ಉಳಿದರ್ಧಕ್ಕೆ ಹುಸಿಮಾತ್ರೆ; ನಡುವೆ ಬಿಡುವು ಕೊಟ್ಟು ಮುಂದಿನ ಎಂಟು ವಾರ ಅದಲುಬದಲು. ಅಂದರೆ ಪ್ರತಿಯೊಬ್ಬ ರೋಗಿಯೂ ತನಗೆ ತಾನೇ ಹೋಲಿಕೆ. ಶಲ್ಲಕಿ ಪಡೆದ ಅವಧಿಯಲ್ಲಿ ನೋವು ತಗ್ಗಿತು, ಮಂಡಿ ಹೆಚ್ಚು ಮಡಚಿತು, ನಡೆಯುವ ದೂರ ಹೆಚ್ಚಿತು. ಪ್ರಯೋಗಗಳನ್ನು ಒಟ್ಟು ಸೇರಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2014ರ ಪರಿಶೀಲನೆಯಲ್ಲೂ, ಎಕೆಬಿಎ ಹೆಚ್ಚಿಸಿದ ಸಾರದ 100 ಮಿಲಿಗ್ರಾಂ ಪ್ರಮಾಣವನ್ನು 90 ದಿನ ಪಡೆದವರ ನೋವು ನೂರರಲ್ಲಿ ಸುಮಾರು 17 ಅಂಕ ಕಡಿಮೆಯೆಂದು ಬಂದಿದೆ. ಪ್ರಯೋಗಗಳು ಚಿಕ್ಕವು, ಕೆಲವು ಮತ್ತೆ ತಯಾರಕರ ನಂಟಿನವೇ. ಆದರೂ ನಾಲ್ಕರಲ್ಲಿ ನನಗೆ ಹೆಚ್ಚು ನಂಬಿಕೆ ಹುಟ್ಟಿಸಿದ್ದು ಇದು.

ಕೊಳ್ಳುವಾಗ ನೋಡಬೇಕಾದದ್ದು ಅಂಟಿನ ಒಟ್ಟು ತೂಕವನ್ನಲ್ಲ, ಅದರಲ್ಲಿ ಬಾಸ್ವೆಲಿಕ್ ಆಮ್ಲ ಅಥವಾ ಎಕೆಬಿಎ ಶೇಕಡ ಎಷ್ಟೆಂಬುದನ್ನು. ಇದನ್ನು ಮುದ್ರಿಸದ ಡಬ್ಬಿಯನ್ನು ನಾನು ಅಂಗಡಿಯಲ್ಲೇ ಬಿಟ್ಟುಬಂದೆ. ನಮ್ಮ ಅಂಕ ನಾಲ್ಕರಿಂದ ಮೂರಕ್ಕೆ ಇಳಿಯಿತು, ನಿಲ್ಲಿಸಿದ ಮೂರನೆಯ ವಾರಕ್ಕೆ ಮತ್ತೆ ನಾಲ್ಕಾಯಿತು. ಇಡೀ ವರ್ಷದಲ್ಲಿ, ಪೂರಕ ನಿಲ್ಲಿಸಿದಾಗ ಅಂಕ ಮೇಲೇರಿದ್ದು ಇದೊಂದರಲ್ಲೇ.

ಮೆಡಿಕಲ್ ಶಾಪುಗಳಲ್ಲಿ ಈಗ ಹೆಚ್ಚು ಮಾರಾಟವಾಗುವುದು ಈ ನಾಲ್ಕನ್ನೂ ಒಂದೇ ಮಾತ್ರೆಯಲ್ಲಿ ಸೇರಿಸಿ, ಮೇಲೆ ವಿಟಮಿನ್ ಡಿ, ಗುಲಾಬಿ ಹಣ್ಣಿನ ಸಾರ, ಬೋರಾನ್ ಎಂದೆಲ್ಲ ತುಂಬಿದ ಮಿಶ್ರಣ. ಒಂದು ಮಾತ್ರೆಯ ಗಾತ್ರಕ್ಕೆ ಮಿತಿಯಿದೆ. ಹತ್ತು ವಸ್ತು ತುಂಬಿದರೆ ಗ್ಲುಕೋಸಮೈನ್, ಅರಿಶಿನದ ಸಾರದಂಥ ತೂಕದ ವಸ್ತುಗಳು ಪ್ರಯೋಗದಲ್ಲಿ ಬಳಸಿದ ಪ್ರಮಾಣಕ್ಕೆ ಬಾರವು, ಮತ್ತು ಹೊಟ್ಟೆ ಕೆಟ್ಟರೆ ಯಾವುದರಿಂದ ಕೆಟ್ಟಿತೆಂದು ತಿಳಿಯದು. ಸವೆತದ ನೋವಿಗೆ ವಿಟಮಿನ್ ಡಿ ಪರೀಕ್ಷಿಸಿದ ಎರಡು ವರ್ಷಗಳ ಪ್ರಯೋಗಗಳು ಲಾಭ ಕಾಣದೆ ಮುಗಿದಿವೆ. ಕೊರತೆಯಿದ್ದವರು ಅದನ್ನು ಮೂಳೆಗಾಗಿ ತೆಗೆದುಕೊಳ್ಳುವ ಮಾತು ಬೇರೆ. ಡಬ್ಬಿಯ ಬೆಲೆಯನ್ನು ಮಾತ್ರೆಗಳ ಸಂಖ್ಯೆಯಿಂದ ಭಾಗಿಸಿ, ದಿನಕ್ಕೆ ಎಷ್ಟು ಮಾತ್ರೆಯೆಂದು ಗುಣಿಸಿದರೆ ಖರ್ಚಿನ ನಿಜ ತಿಳಿಯುತ್ತದೆ. ‘30 ಮಾತ್ರೆ’ ಎಂದಿರುವ ಡಬ್ಬಿ, ದಿನಕ್ಕೆರಡು ಎಂದಾದರೆ, ಹದಿನೈದೇ ದಿನದ್ದು.

ಕಾನೂನಿನ ಮಾತೂ ಇಲ್ಲಿ ಬರುತ್ತದೆ. ಇವುಗಳಲ್ಲಿ ಬಹುಪಾಲು ನಮ್ಮ ದೇಶದಲ್ಲಿ ಔಷಧದ ಪರವಾನಗಿಯಿಂದ ಮಾರಾಟವಾಗುವುದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿಯಲ್ಲಿ, ಆಹಾರವಾಗಿ ಮಾರಾಟವಾಗುತ್ತವೆ. ಪೂರಕಗಳ ಡಬ್ಬಿಯ ಮೇಲೆ ‘ಔಷಧೀಯ ಬಳಕೆಗಲ್ಲ’ ಎಂಬ ಸಾಲು ಇರಲೇಬೇಕೆಂಬ ನಿಯಮವಿದೆ. ಚೀಟಿಯಲ್ಲಿ ಬರೆಸಿಕೊಂಡು, ಔಷಧದ ಅಂಗಡಿಯಲ್ಲಿ, ಔಷಧದ ಬೆಲೆ ತೆತ್ತು ತಂದ ಡಬ್ಬಿಯ ಮೇಲೆ ಆ ಸಾಲನ್ನು ಭೂತಕನ್ನಡಿ ಹಿಡಿದು ಓದಿದ ದಿನ ತಾಯಿಯವರು ಬಹಳ ಹೊತ್ತು ನಕ್ಕರು. ಶಲ್ಲಕಿಯಂಥವು ಆಯುರ್ವೇದದ ಔಷಧ ಪರವಾನಗಿಯಲ್ಲೂ ಬರುತ್ತವೆ, ಆಗ ನಿಯಮಗಳು ಬೇರೆ. ಜೊತೆಗೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ಸಂಧಿವಾತವೂ ಸೇರಿದೆ. ಅದನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದೇ ಅಪರಾಧ. ಬಸ್ ನಿಲ್ದಾಣದ ಗೋಡೆಗಳಿಗೆ ಈ ಕಾಯ್ದೆ ತಿಳಿದಂತಿಲ್ಲ.

ಕೆಲಸ ಮಾಡದ ಮಾತ್ರೆಗಿಂತ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಎರಡೇ ದಿನದಲ್ಲಿ ಕೆಲಸ ಮಾಡುವಂಥವು. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಕರು, ಗ್ಲುಕೋಸಮೈನ್ ಪೂರಕವೆಂದು ಮಾರಾಟವಾಗುತ್ತಿದ್ದ ‘ಆರ್ಟ್ರಿ ಕಿಂಗ್’ ಎಂಬ ಡಬ್ಬಿಗಳನ್ನು ಪರೀಕ್ಷಿಸಿದಾಗ, ಎಲ್ಲೂ ಮುದ್ರಿಸಿರದ ಡೈಕ್ಲೊಫೆನಾಕ್ ಎಂಬ ನೋವುನಿವಾರಕವೂ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡೂ ಸಿಕ್ಕವು. ನಮ್ಮಲ್ಲೂ ಹೆಸರಿಲ್ಲದ ಪೊಟ್ಟಣಗಳಲ್ಲಿ ಬರುವ ‘ವಾತದ ಪುಡಿ’ಗಳಲ್ಲಿ ಸ್ಟೀರಾಯ್ಡ್ ಬೆರೆಸುವುದನ್ನು ವೈದ್ಯರು ಬಹುಕಾಲದಿಂದ ಕಂಡಿದ್ದಾರೆ. ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ, ಮುಖ ಊದಿಸುತ್ತದೆ, ಮೂಳೆ ತೆಳುವಾಗಿಸುತ್ತದೆ, ಥಟ್ಟನೆ ನಿಲ್ಲಿಸಿದರೆ ರೋಗಿ ಕುಸಿಯಬಹುದು. ಗಿಡಮೂಲಿಕೆಯ ಪರಿಣಾಮ ಕಾಣಲು ವಾರಗಳೇ ಬೇಕು. ಬೆಳಗ್ಗೆ ನುಂಗಿ ಸಂಜೆ ಓಡುವಂತಾದರೆ ಅದನ್ನು ವೈದ್ಯರಿಗೆ ತೋರಿಸಬೇಕು, ಅದೂ ತಾನೇ ಹಠಾತ್ತನೆ ನಿಲ್ಲಿಸುವ ಮೊದಲು.

ಪೂರಕಗಳಿಗೆ ಖರ್ಚಾದ ಹಣದ ಪಕ್ಕದಲ್ಲಿ, ಖರ್ಚಿಲ್ಲದ ಎರಡು ಸಂಗತಿಗಳನ್ನು ಬರೆಯದಿದ್ದರೆ ಈ ಲೆಕ್ಕ ಅಪೂರ್ಣ. ತೊಡೆಯ ಮುಂಭಾಗದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ಎಲ್ಲ ಮಾರ್ಗಸೂಚಿಗಳೂ ಮೊದಲ ಸಾಲಿನಲ್ಲೇ ಹೇಳುತ್ತವೆ. ಮತ್ತು ಇಳಿಸಿದ ಒಂದೊಂದು ಕಿಲೋ ತೂಕಕ್ಕೂ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆಂದು 2005ರ ಅಧ್ಯಯನವೊಂದು ಅಳೆದಿದೆ. ನೋವು ಹೆಚ್ಚಿದ ದಿನ ಹಚ್ಚುವ ಡೈಕ್ಲೊಫೆನಾಕ್ ಜೆಲ್‌ನ ದಾಖಲೆ ಕೂಡ ಈ ನಾಲ್ಕು ಡಬ್ಬಿಗಳಿಗಿಂತ ಗಟ್ಟಿಯಾದದ್ದು. ತಾಯಿಯವರು ಮಾತ್ರ ಅದರ ಮೇಲೆ ಬಿಸಿ ಮಾಡಿದ ಎಕ್ಕದ ಎಲೆ ಕಟ್ಟುವುದನ್ನು ಬಿಟ್ಟಿಲ್ಲ. ಜೆಲ್ ಹಚ್ಚಿದ ಜಾಗಕ್ಕೆ ಶಾಖ ಕೊಡಬಾರದೆಂದು ಹೇಳಿದ ಮೇಲೆ ಈಗ ಒಂದು ದಿನ ಜೆಲ್, ಒಂದು ದಿನ ಎಲೆ.

ಒಟ್ಟಾರೆ ನನ್ನ ತೀರ್ಪು ಹೀಗಿದೆ: ಗ್ಲುಕೋಸಮೈನ್ ಜೋಡಿಗೆ ಹಣ ಹಾಕುವುದಿಲ್ಲ, ಕೊಲಾಜನ್ನಿಗೆ ಈಗ ಸಿಗುವ ಬೆಲೆಯಲ್ಲಂತೂ ಇಲ್ಲ, ಅರಿಶಿನದ ಸಾರವನ್ನು ಬೇರೆ ಔಷಧಗಳಿಲ್ಲದವರು ವೈದ್ಯರಿಗೆ ತಿಳಿಸಿ ಪ್ರಯತ್ನಿಸಬಹುದು, ಎಕೆಬಿಎ ಪ್ರಮಾಣ ಮುದ್ರಿಸಿದ ಶಲ್ಲಕಿಯನ್ನು ಮೂರು ತಿಂಗಳ ಮಿತಿ ಹಾಕಿಕೊಂಡು ನೋಡಬಹುದು. ತಾಯಿಯವರು ಶಲ್ಲಕಿಯನ್ನು ಎರಡನೆಯ ಸಲ ಎರಡು ತಿಂಗಳು ತೆಗೆದುಕೊಂಡು ಈ ತಿಂಗಳ ಮೊದಲ ದಿನ ಮತ್ತೆ ನಿಲ್ಲಿಸಿದ್ದಾರೆ. ನಿನ್ನೆ ಸಂಜೆಯ ಅಂಕ ಮೂರು. ಪಕ್ಕದಲ್ಲಿ ಅವರ ಕೈಬರಹದಲ್ಲಿ ‘ಇನ್ನೂ ಎರಡು ವಾರ ನೋಡೋಣ’ ಎಂದಿದೆ.